ದ್ವೀಪದಿಂದ ದ್ವೀಪಕ್ಕೆ ಎಷ್ಟು ಹೊತ್ತು? ಪುರವಣಿಯ ಬಾಕ್ಸ್ ಬಗ್ಗೆ ಒಂದು ತಕರಾರು

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರದ ಪ್ರವಾಸ ಪುರವಣಿಲಿ ದ್ವೀಪಗಳ ಬಗ್ಗೆ ಬಂದ ಲೇಖನದ ಪಕ್ಕ ಒಂದು ಬಾಕ್ಸ್ ಹಾಕಿದ್ರಲ್ಲ, ಈ ಏರ್‌ಪೋರ್ಟಿಂದ ಆ ಏರ್‌ಪೋರ್ಟಿಗೆ ಇಷ್ಟು ಕಿಲೋಮೀಟರ್, ವಿಮಾನದಲ್ಲಿ ಇಷ್ಟು ಗಂಟೆ ಅಂತ, ಅದರ ಬಗ್ಗೆನೇ ಈ ಪತ್ರ. ಲೇಖನ ಚೆನ್ನಾಗಿತ್ತು, ಫೋಟೋಗಳೂ ಚೆನ್ನಾಗಿದ್ವು, ನನ್ನ ತಕರಾರು ಆ ಬಾಕ್ಸ್ ಬಗ್ಗೆ ಮಾತ್ರ. ನಾನು ಟಿಕೆಟ್ ಬುಕ್ ಮಾಡಿಕೊಡೋ ಕೆಲಸದಲ್ಲಿರೋನು, ಪೇಪರ್ ಕಟಿಂಗ್ ಹಿಡ್ಕೊಂಡು ಬಂದು "ಮೂರೂಕಾಲು ಗಂಟೆ ಅಂತ ಬರೆದಿದಾರಲ್ಲ ಸಾರ್, ನೀವ್ಯಾಕೆ ಎರಡು ದಿನ ತೋರಿಸ್ತಿದೀರಿ" ಅಂತ ಕೇಳೋರಿಗೆ ಉತ್ತರ ಕೊಡಬೇಕಾದೋನು ನಾನೇ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ, ಬೇಕಾದ ಕಡೆ ಕತ್ತರಿ ಹಾಕ್ಕೊಳ್ಳಿ.

ಮೊದಲು ಆ ನಂಬರ್ ಹೇಗೆ ಬರುತ್ತೆ ಅಂತ ಹೇಳ್ಬಿಡ್ತೀನಿ. ಎರಡೂ ಏರ್‌ಪೋರ್ಟಿನ ಅಕ್ಷಾಂಶ ರೇಖಾಂಶ ತಗೋತಾರೆ, ಭೂಮಿ ಗುಂಡಗಿದೆ, ತ್ರಿಜ್ಯ 6,371 ಕಿ.ಮೀ. ಅಂತ ಇಟ್ಕೋತಾರೆ, ಗ್ಲೋಬ್ ಮೇಲೆ ಎರಡು ಚುಕ್ಕಿ ಮಧ್ಯೆ ದಾರ ಬಿಗಿಯಾಗಿ ಎಳೆದ್ರೆ ಎಷ್ಟು ಉದ್ದ ಬರುತ್ತೋ ಅದೇ ದೂರ. ಗ್ರೇಟ್ ಸರ್ಕಲ್ ದೂರ ಅಂತಾರೆ ಅದನ್ನ. ಭೂಮಿ ಪೂರ್ತಿ ಗುಂಡಗೇನೂ ಇಲ್ಲ, ಸಮಭಾಜಕದ ಹತ್ರ ತ್ರಿಜ್ಯ 6,378, ಧ್ರುವದ ಹತ್ರ 6,357, ಆದ್ರೆ ಅದರಿಂದ ಆಗೋ ವ್ಯತ್ಯಾಸ ನೂರಕ್ಕೆ ಅರ್ಧದ ಆಸುಪಾಸು ಅಷ್ಟೇ, ಅದಕ್ಕೆ ಯಾರೂ ತಲೆ ಕೆಡಿಸ್ಕೊಳ್ಳಬೇಕಾಗಿಲ್ಲ. ದೂರದ ತನಕ ನಿಮ್ಮ ಬಾಕ್ಸ್ ಸರಿಯಾಗೇ ಇದೆ. ಎಡವಟ್ಟಾಗೋದು ಆಮೇಲೆ. ಆ ದೂರನ ಗಂಟೆಗೆ 800 ಕಿ.ಮೀ. ಅಂತ ಭಾಗಿಸಿ, ಏರೋಕೆ ಇಳಿಯೋಕೆ ಅಂತ ಒಂದು ಅರ್ಧ ಗಂಟೆ ಸೇರಿಸಿ, ಬಂದಿದ್ದನ್ನ "ಪ್ರಯಾಣದ ಸಮಯ" ಅಂತ ಬರೆದುಬಿಡ್ತಾರೆ. ಅಂಥ ವಿಮಾನ ಅಲ್ಲಿ ಇಳಿಯುತ್ತಾ, ಅಸಲಿಗೆ ಅಲ್ಲಿ ಫ್ಲೈಟೇ ಇದೆಯಾ, ಇದ್ಯಾವುದನ್ನೂ ಆ ಲೆಕ್ಕ ಕೇಳಲ್ಲ.

ದೊಡ್ಡ ನೆಲದ ಮೇಲೆ ಈ ಲೆಕ್ಕ ಹೇಗೋ ನಡೆದುಹೋಗುತ್ತೆ, ವಿಮಾನ ಇಲ್ಲದಿದ್ರೆ ರೈಲು ಇದೆ, ರೈಲಿಲ್ಲದಿದ್ರೆ ರಸ್ತೆ ಇದೆ. ದ್ವೀಪದಲ್ಲಿ ಆ ದಾರಿ ಇಲ್ಲ. ಅಲ್ಲಿ ಸಮಯ ತೀರ್ಮಾನ ಮಾಡೋದು ದೂರ ಅಲ್ಲ, ರನ್‌ವೇ ಎಷ್ಟುದ್ದ ಇದೆ, ಯಾವ ವಿಮಾನ ಬರುತ್ತೆ, ವಾರಕ್ಕೆ ಎಷ್ಟು ಸಲ ಬರುತ್ತೆ, ಇದೇ.

ಹಾಗಂತ ಈ ಸೂತ್ರ ಯಾವಾಗ್ಲೂ ತಪ್ಪು ಅಂತಲೂ ಅಲ್ಲ, ನ್ಯಾಯವಾಗಿ ಹೇಳಬೇಕು. ಹವಾಯಿಯಲ್ಲಿ ಹೊನೊಲುಲುವಿಂದ ಮಾವಿ ದ್ವೀಪದ ಕಹುಲುಯಿಗೆ ಸುಮಾರು 160 ಕಿ.ಮೀ., ಸೂತ್ರದ ಪ್ರಕಾರ 42 ನಿಮಿಷ, ಟೈಮ್‌ಟೇಬಲಲ್ಲೂ ಹೆಚ್ಚು ಕಮ್ಮಿ ಅಷ್ಟೇ ಇರುತ್ತೆ. ಅದರಲ್ಲಿ ಗಾಳಿಲಿ ಇರೋದು ಅರ್ಧದಷ್ಟು ಹೊತ್ತು ಮಾತ್ರ, ಉಳಿದದ್ದು ವಿಮಾನ ನೆಲದ ಮೇಲೆ ಉರುಳ್ಕೊಂಡು ರನ್‌ವೇ ತನಕ ಹೋಗೋದು, ರನ್‌ವೇ ಖಾಲಿ ಆಗೋಕೆ ಕಾಯೋದು, ಗೇಟಿಗೆ ಬಂದು ನಿಲ್ಲೋದು. ಟೈಮ್‌ಟೇಬಲಲ್ಲಿ ಹಾಕೋದು ಗೇಟಿಂದ ಹಿಂದೆ ಸರಿದ ಕ್ಷಣದಿಂದ ಇನ್ನೊಂದು ಕಡೆ ನಿಂತ ಕ್ಷಣದ ತನಕ, ಬ್ಲಾಕ್ ಟೈಮ್ ಅಂತಾರೆ ನಮ್ಮ ಕಡೆಯೋರು. ಜೆಟ್ ವಿಮಾನ ಇದೆ, ದಿನಕ್ಕೆ ಹತ್ತಾರು ಫ್ಲೈಟ್ ಇದೆ, ರನ್‌ವೇ ದೊಡ್ಡದಿದೆ ಅಂದ್ರೆ ಲೆಕ್ಕ ಸರಿ ಬರುತ್ತೆ. ಅಷ್ಟೇಕೆ, ಲಂಡನ್ ಮತ್ತೆ ಡಬ್ಲಿನ್ ಕೂಡ ಎರಡು ದ್ವೀಪಗಳೇ ಅಲ್ವಾ, ಟೋಕಿಯೋ ಮತ್ತೆ ಸಪ್ಪೊರೊನೂ ಅಷ್ಟೇ, ಆದ್ರೆ ಅವನ್ನ ಯಾರೂ ದ್ವೀಪ ಪ್ರವಾಸದ ಪಟ್ಟಿಗೆ ಸೇರಿಸಲ್ಲ. ಪುರವಣಿಲಿ ಬರೋದು ಸಣ್ಣ ದ್ವೀಪಗಳೇ, ಸೂತ್ರ ಕೈಕೊಡೋದೂ ಅಲ್ಲೇ.

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ ಮತ್ತೆ ಪಾಪಾ ವೆಸ್ಟ್ರೇ ಅಂತ ಎರಡಿವೆ, ಮಧ್ಯೆ 2.7 ಕಿ.ಮೀ. ಲೋಗನ್‌ಏರ್‌ನೋರು 1967ರಿಂದ ಅಲ್ಲಿ ಸರ್ವಿಸ್ ನಡೆಸ್ತಾ ಇದಾರೆ, ಪ್ರಪಂಚದಲ್ಲೇ ಅತಿ ಚಿಕ್ಕ ಶೆಡ್ಯೂಲ್ಡ್ ಫ್ಲೈಟ್ ಅದು. ಬ್ರಿಟನ್-ನಾರ್ಮನ್ ಐಲ್ಯಾಂಡರ್ ಅನ್ನೋ ಪುಟ್ಟ ವಿಮಾನ, ಜಾಗ ಇಲ್ಲದಿದ್ರೆ ಪೈಲಟ್ ಪಕ್ಕದ ಸೀಟಲ್ಲೇ ಪ್ಯಾಸೆಂಜರ್ ಕೂರ್ತಾರೆ. ಟೈಮ್‌ಟೇಬಲಲ್ಲಿ ಎರಡು ನಿಮಿಷ ಅಂತ ಇರುತ್ತೆ, ಗಾಳಿ ಚೆನ್ನಾಗಿ ಕೂಡಿ ಬಂದ್ರೆ ಒಂದು ನಿಮಿಷದೊಳಗೂ ಮುಗಿಯುತ್ತೆ, ದಾಖಲೆ 53 ಸೆಕೆಂಡ್. ಈಗ ಸೂತ್ರ ಹಾಕಿ ನೋಡಿ, ಹಾರಾಟಕ್ಕೆ 12 ಸೆಕೆಂಡ್, ಅದಕ್ಕೆ ಅರ್ಧ ಗಂಟೆ ಸೇರಿಸಿ, ಮೂವತ್ತು ನಿಮಿಷ ಚಿಲ್ಲರೆ! ಅಷ್ಟು ಹೊತ್ತಲ್ಲಿ ದೋಣಿನೇ ಹೋಗಿ ತಲುಪುತ್ತೆ.

ಕೆರಿಬಿಯನ್ನಿನ ಸೇಬಾ ದ್ವೀಪದ್ದೂ ಇದೇ ಕತೆ. ಸಿಂಟ್ ಮಾರ್ಟನ್‌ನಿಂದ ಸುಮಾರು 45 ಕಿ.ಮೀ., ಟ್ವಿನ್ ಆಟರ್ ಅನ್ನೋ ಸಣ್ಣ ವಿಮಾನದಲ್ಲಿ ಹನ್ನೆರಡು ಹದಿನೈದು ನಿಮಿಷ, ಸೂತ್ರ ಮಾತ್ರ ಅರ್ಧ ಗಂಟೆ ಮೇಲೆ ತೋರಿಸುತ್ತೆ. ಸೇಬಾದ ರನ್‌ವೇ ಉದ್ದ ಬರೀ 400 ಮೀಟರ್, ಎರಡೂ ತುದಿಲಿ ಪ್ರಪಾತ, ಕೆಳಗೆ ಸಮುದ್ರ. ಗಂಟೆಗೆ 800 ಕಿ.ಮೀ. ಓಡೋ ಯಾವ ಜೆಟ್ಟೂ ಅಲ್ಲಿ ಇಳಿಯೋ ಹಾಗೇ ಇಲ್ಲ, ಅಲ್ಲಿಗೆ ಇಳಿಸೋ ಪೈಲಟ್‌ಗೆ ಬೇರೆ ಟ್ರೈನಿಂಗೇ ಬೇಕು. ಹದಿನೈದು ನಿಮಿಷ ಅಂತ ಹಾಕಿದ್ರೂ ಆ ದಿನ ಗಾಳಿ ಜೋರಿದ್ರೆ ಫ್ಲೈಟೇ ಇಲ್ಲ ಅನ್ನೋದನ್ನೂ ಪಕ್ಕದಲ್ಲಿ ಹಾಕಬೇಕು.

ಇವೆರಡೂ ಸೂತ್ರ ಜಾಸ್ತಿ ಹೇಳಿದ ಉದಾಹರಣೆ, ಪರವಾಗಿಲ್ಲ, ಬೇಗ ತಲುಪಿದ್ರೆ ಯಾರೂ ಜಗಳಕ್ಕೆ ಬರಲ್ಲ. ಕಮ್ಮಿ ಹೇಳಿದಾಗ್ಲೇ ರಜೆ ಹಾಳಾಗೋದು.

ನಮ್ಮ ದೇಶದ್ದೇ ತಗೊಳ್ಳಿ, ಲಕ್ಷದ್ವೀಪದ ಅಗತ್ತಿ ಮತ್ತೆ ಅಂಡಮಾನಿನ ಪೋರ್ಟ್ ಬ್ಲೇರ್, ಈಗ ಊರಿಗೆ ಶ್ರೀ ವಿಜಯಪುರಂ ಅಂತ ಹೆಸರು. ಎರಡೂ ಹೆಚ್ಚು ಕಮ್ಮಿ ಒಂದೇ ಅಕ್ಷಾಂಶದಲ್ಲಿವೆ, ಒಂದು ಅರಬ್ಬಿ ಸಮುದ್ರದಲ್ಲಿ ಇನ್ನೊಂದು ಬಂಗಾಳ ಕೊಲ್ಲಿ ಆಚೆ, ಗ್ರೇಟ್ ಸರ್ಕಲ್ ದೂರ ಸುಮಾರು 2,240 ಕಿ.ಮೀ. ಸೂತ್ರ ಹಾಕಿದ್ರೆ ಮೂರು ಗಂಟೆ ಹದಿನೆಂಟು ನಿಮಿಷ, ಅಂದ್ರೆ ಮೂರೂಕಾಲು ಗಂಟೆ ಚಿಲ್ಲರೆ ಬರುತ್ತೆ. ಕೇಳೋಕೆ ಚೆಂದ. ಆದ್ರೆ ಅಗತ್ತಿ ರನ್‌ವೇ 1,200 ಮೀಟರ್ ಆಸುಪಾಸಿಂದು, ಎಟಿಆರ್ ಥರದ ಟರ್ಬೊಪ್ರಾಪ್, ಅಂದ್ರೆ ರೆಕ್ಕೆ ಮೇಲೆ ಪ್ರೊಪೆಲ್ಲರ್ ತಿರುಗೋ ವಿಮಾನಕ್ಕೆ ಹೇಳಿ ಮಾಡಿಸಿದ್ದು, ದೊಡ್ಡ ಜೆಟ್ ಇಳಿಯಲ್ಲ. ಎಟಿಆರ್ 72 ಗಂಟೆಗೆ 500 ಕಿ.ಮೀ. ಸುತ್ತಮುತ್ತ ಓಡುತ್ತೆ, ಸೀಟು ತುಂಬಿದ್ರೆ ಒಂದೇ ಉಸಿರಿಗೆ ಹೋಗೋದು ಸುಮಾರು 1,500 ಕಿ.ಮೀ. ಅಂದ್ರೆ ಏನಾಯ್ತು, ಅಗತ್ತಿಲಿ ಇಳಿಯೋಕಾಗೋ ವಿಮಾನಕ್ಕೆ ಪೋರ್ಟ್ ಬ್ಲೇರ್ ತನಕ ಹಾರೋಕಾಗಲ್ಲ, ಪೋರ್ಟ್ ಬ್ಲೇರ್ ತನಕ ಹಾರೋ ಜೆಟ್ಟಿಗೆ ಅಗತ್ತಿಲಿ ಇಳಿಯೋಕಾಗಲ್ಲ. ಯಾವ ಕಂಪನಿ ಮನಸ್ಸು ಮಾಡಿದ್ರೂ ಈಗಿನ ರನ್‌ವೇಲಿ ನಿಮ್ಮ ಮೂರೂಕಾಲು ಗಂಟೆ ಸಾಧ್ಯನೇ ಇಲ್ಲ.

ಹಾಗಾದ್ರೆ ಹೋಗೋದು ಹೇಗೆ? ಅಗತ್ತಿಯಿಂದ ಕೊಚ್ಚಿಗೆ 450 ಚಿಲ್ಲರೆ ಕಿಲೋಮೀಟರ್, ಎಟಿಆರಲ್ಲಿ ಒಂದೂವರೆ ಗಂಟೆ. ಅಲ್ಲಿಂದ ಚೆನ್ನೈಗೋ ಇನ್ಯಾವುದಾದ್ರೂ ದೊಡ್ಡ ಏರ್‌ಪೋರ್ಟಿಗೋ ಒಂದು ಫ್ಲೈಟ್, ಚೆನ್ನೈಯಿಂದ ಪೋರ್ಟ್ ಬ್ಲೇರಿಗೆ ಮತ್ತೆ ಸುಮಾರು 1,370 ಕಿ.ಮೀ., ಎರಡು ಗಂಟೆ ಮೇಲೆ. ಹಾರಾಟದ ಹೊತ್ತು ಕೂಡಿಸಿದ್ರೆ ಐದು ಗಂಟೆ ಆಗಬಹುದೇನೋ, ಆದ್ರೆ ಕನೆಕ್ಷನ್ ಸಿಗಬೇಕಲ್ಲ, ಅಗತ್ತಿ ಫ್ಲೈಟ್ ಬಂದು ಇಳಿಯೋ ಹೊತ್ತಿಗೆ ಮುಂದಿಂದು ಹೊರಟು ಹೋಗಿರುತ್ತೆ, ರಾತ್ರಿ ಎಲ್ಲಾದ್ರೂ ಉಳ್ಕೋಬೇಕು, ಬ್ಯಾಗ್ ಇಳಿಸ್ಕೊಂಡು ಮತ್ತೆ ಚೆಕ್-ಇನ್ ಮಾಡಬೇಕು, ಬೇರೆ ಬೇರೆ ಟಿಕೆಟ್ ಆಗಿದ್ರೆ ಒಂದು ತಪ್ಪಿದ್ರೆ ಇನ್ನೊಂದರ ದುಡ್ಡೂ ಹೋಯ್ತು. ಇದರ ಮೇಲೆ ಲಕ್ಷದ್ವೀಪಕ್ಕೆ ಪರ್ಮಿಟ್ ಬೇರೆ. ಒಂದು ತಮಾಷೆ ಅಂದ್ರೆ ಎರಡು ಕಡೆನೂ ಗಡಿಯಾರ ಒಂದೇ, ರೇಖಾಂಶದಲ್ಲಿ 20 ಡಿಗ್ರಿ ಮೇಲೆ ವ್ಯತ್ಯಾಸ ಇದ್ರೂ ಭಾರತೀಯ ಕಾಲಮಾನನೇ, ಅದಕ್ಕೆ ಪೋರ್ಟ್ ಬ್ಲೇರಲ್ಲಿ ಸೂರ್ಯ ಅಗತ್ತಿಗಿಂತ ಒಂದು ಗಂಟೆ ಇಪ್ಪತ್ತು ನಿಮಿಷ ಮುಂಚೆನೇ ಹುಟ್ತಾನೆ, ಸಂಜೆ ಬೀಚ್ ನೋಡೋಣ ಅಂತ ಆರಾಮಾಗಿ ಹೊರಟೋರಿಗೆ ಕತ್ತಲು ಸಿಗುತ್ತೆ.

ಗಡಿಯಾರದ ವಿಷಯ ಬಂತಲ್ಲ, ಅದರದ್ದೇ ಒಂದು ದೊಡ್ಡ ಗೊಂದಲ ಇದೆ. ಪೆಸಿಫಿಕ್ ಸಾಗರದ ಸಮೋವಾ ದೇಶ ಮತ್ತೆ ಅಮೆರಿಕನ್ ಸಮೋವಾ ಅಕ್ಕಪಕ್ಕದ ದ್ವೀಪಗಳು. ಅಪಿಯಾ ಕಡೆಯ ಫಾಲಿಯೋಲೋ ಏರ್‌ಪೋರ್ಟಿಂದ ಪಾಗೋ ಪಾಗೋಗೆ ಸುಮಾರು 150 ಕಿ.ಮೀ. ಅಷ್ಟೇ, ಟ್ವಿನ್ ಆಟರಲ್ಲಿ ಮುಕ್ಕಾಲು ಗಂಟೆನೂ ಬೇಡ. ಸೂತ್ರನೂ 41 ನಿಮಿಷ ಅಂತ ಹೇಳುತ್ತೆ, ಹತ್ತಿರಕ್ಕೇ ಬಂತು. ಆದ್ರೆ ಮಧ್ಯೆ ದಿನಾಂಕ ರೇಖೆ, ಅಂದ್ರೆ ದಾಟಿದ್ರೆ ತಾರೀಖು ಬದಲಾಗೋ ಗೆರೆ ಇದೆ, ಎರಡಕ್ಕೂ ಸರಿಯಾಗಿ 24 ಗಂಟೆ ವ್ಯತ್ಯಾಸ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಮೋವಾ ಬಿಟ್ಟೋರು ಭಾನುವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಇಳೀತಾರೆ, ವಾಪಸ್ ಬರುವಾಗ ಪೂರ್ತಿ ಒಂದು ದಿನ ಕಳ್ಕೋತಾರೆ. ಹೋಟೆಲ್ ಬುಕಿಂಗ್ ತಾರೀಖು ಒಂದು ದಿನ ಆಚೀಚೆ ಆಯ್ತು ಅಂದ್ರೆ ಅಲ್ಲಿ ರೂಮಿಲ್ಲ. ಮುಂಚೆ ಎರಡೂ ರೇಖೆಯ ಒಂದೇ ಕಡೆ ಇದ್ವು, ಸಮೋವಾದ ವ್ಯಾಪಾರ ಎಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಇದ್ದಿದ್ದಕ್ಕೆ 2011ರ ಡಿಸೆಂಬರಲ್ಲಿ ಆ ಕಡೆ ಸೇರ್ಕೊಂಡ್ರು, ಡಿಸೆಂಬರ್ 29 ಆದ್ಮೇಲೆ ಸೀದಾ 31, ಮಧ್ಯದ ಶುಕ್ರವಾರ ಆ ದೇಶದ ಕ್ಯಾಲೆಂಡರಲ್ಲೇ ಇಲ್ಲ. ಅದೇ ಸಮೋವಾದಲ್ಲಿ 2013ರಲ್ಲಿ ಒಂದು ವಿಮಾನ ಕಂಪನಿ ಪ್ಯಾಸೆಂಜರ್ ತೂಕ ನೋಡಿ ಕೆಜಿ ಲೆಕ್ಕದಲ್ಲಿ ಟಿಕೆಟ್ ಮಾರಿ ಸುದ್ದಿಯಾಗಿತ್ತು, ಸಣ್ಣ ವಿಮಾನದಲ್ಲಿ ತೂಕ ಅನ್ನೋದು ಅಷ್ಟು ಮುಖ್ಯ, ನಿಮ್ಮ ಇಪ್ಪತ್ತು ಕೆಜಿ ಸೂಟ್‌ಕೇಸ್ ಅದೇ ಫ್ಲೈಟಲ್ಲಿ ಬರುತ್ತೆ ಅನ್ನೋ ಭರವಸೆ ಅಂಥ ಕಡೆ ಇಟ್ಕೋಬಾರದು.

ಇದಕ್ಕಿಂತ ವಿಚಿತ್ರ ಹೊನೊಲುಲು ಮತ್ತೆ ಕಿರಿಬಾಟಿ ದೇಶದ ಕಿರಿಟಿಮಾಟಿ, ಅಂದ್ರೆ ಕ್ರಿಸ್‌ಮಸ್ ಐಲ್ಯಾಂಡ್. ಎರಡೂ ಒಂದೇ ರೇಖಾಂಶದ ಹತ್ರ ಇವೆ, ಸೀದಾ ದಕ್ಷಿಣಕ್ಕೆ ಸುಮಾರು 2,150 ಕಿ.ಮೀ. ಗಡಿಯಾರದ ಮುಳ್ಳು ಎರಡೂ ಕಡೆ ಒಂದೇ ಜಾಗದಲ್ಲಿರುತ್ತೆ, ತಾರೀಖು ಮಾತ್ರ ಬೇರೆ, ಯಾಕಂದ್ರೆ ಕಿರಿಬಾಟಿಯೋರು 1995ರಲ್ಲಿ ಇಡೀ ದೇಶಕ್ಕೆ ಒಂದೇ ದಿನ ಇರಲಿ ಅಂತ ರೇಖೆನೇ ಸರಿಸಿದ್ರು. ಟಿಕೆಟಲ್ಲಿ ಎಲ್ಲಾ ಸಮಯನೂ ಆಯಾ ಊರಿನ ಲೋಕಲ್ ಟೈಮಲ್ಲೇ ಇರುತ್ತೆ, ಇಳಿಯೋ ಟೈಮಿಂದ ಹತ್ತೋ ಟೈಮ್ ಕಳೆದು ಪ್ರಯಾಣ ಇಷ್ಟು ಹೊತ್ತು ಅಂತ ಬರೆದ್ರೆ ಇಂಥ ಕಡೆ ಮೈನಸ್ ಉತ್ತರ ಬರುತ್ತೆ.

ಇನ್ನು ಹೊನೊಲುಲು ಮತ್ತೆ ಪೆಸಿಫಿಕ್ಕಿನ ಪಶ್ಚಿಮದ ಗುವಾಮ್ ದ್ವೀಪ. ಸುಮಾರು 6,100 ಕಿ.ಮೀ., ಸೂತ್ರದ ಪ್ರಕಾರ ಎಂಟು ಗಂಟೆ ಹತ್ತು ನಿಮಿಷದ ಹತ್ರ, ಪಶ್ಚಿಮಕ್ಕೆ ಹೋಗೋ ನಾನ್‌ಸ್ಟಾಪ್ ಫ್ಲೈಟಿಗೆ ಇದು ಬಹುತೇಕ ಸರಿ. ವಾಪಸ್ ಬರುವಾಗ ಗಾಳಿ ಹಿಂದಿಂದ ತಳ್ಳೋದ್ರಿಂದ ಏಳು ಗಂಟೆ ಆಸುಪಾಸು ಸಾಕು, ಅದೂ ಗುವಾಮ್ ಬೆಳಿಗ್ಗೆ ಬಿಟ್ಟು ಹೊನೊಲುಲುಗೆ ಹಿಂದಿನ ದಿನ ಸಂಜೆ ತಲುಪೋದು. ಆದ್ರೆ ಅದೇ ಎರಡು ಏರ್‌ಪೋರ್ಟ್ ಮಧ್ಯೆ ಯುನೈಟೆಡ್ ಏರ್‌ಲೈನ್ಸ್‌ನೋರ ಇನ್ನೊಂದು ಫ್ಲೈಟ್ ಇದೆ, ಐಲ್ಯಾಂಡ್ ಹಾಪರ್ ಅಂತಾರೆ, ಮಜುರೊ, ಕ್ವಾಜಲೀನ್, ಕೊಸ್ರೇ, ಪೋನ್‌ಪೇ, ಚೂಕ್ ಎಲ್ಲಾ ಕಡೆ ಇಳಿದು ಏರಿ ಇಳಿದು ಏರಿ ಹದಿನಾಲ್ಕು ಗಂಟೆಗೂ ಮೇಲೆ ತಗೊಳುತ್ತೆ, ಇಡೀ ದಾರಿಗೂ ಫ್ಲೈಟ್ ನಂಬರ್ ಮಾತ್ರ ಒಂದೇ. 1968ರಲ್ಲಿ ಏರ್ ಮೈಕ್ರೊನೇಷಿಯಾ ಅನ್ನೋ ಕಂಪನಿ ಶುರು ಮಾಡಿದ ಸರ್ವಿಸಿನ ಮುಂದುವರಿಕೆ ಅದು. ದಾರಿಲಿ ಕೆಟ್ರೆ ರಿಪೇರಿ ಮಾಡೋರು ಆ ದ್ವೀಪಗಳಲ್ಲಿ ಸಿಗಲ್ಲ ಅಂತ ಮೆಕ್ಯಾನಿಕ್‌ನೂ ಬಿಡಿಭಾಗನೂ ವಿಮಾನದಲ್ಲೇ ಕರ್ಕೊಂಡು ಹೋಗ್ತಾರೆ. ಕ್ವಾಜಲೀನ್ ಅಮೆರಿಕದ ಮಿಲಿಟರಿ ಜಾಗ, ಅನುಮತಿ ಇಲ್ಲದೋರು ಅಲ್ಲಿ ಸೀಟಿಂದ ಎದ್ದು ಕೆಳಗಿಳಿಯೋ ಹಾಗಿಲ್ಲ. ಮಜುರೊದಿಂದ ಚೂಕ್‌ಗೆ ಹೋಗಬೇಕಾದೋರಿಗೆ ನಿಮ್ಮ ಬಾಕ್ಸಿನ ನಂಬರ್ ಏನೂ ಹೇಳಲ್ಲ, ಹಾಪರ್ ವಾರದಲ್ಲಿ ಯಾವ ದಿನ ಬರುತ್ತೆ, ಯಾವ ಸ್ಟಾಪಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದೇ ಅವರಿಗೆ ಬೇಕು.

ಎಷ್ಟು ಸಲ ಬರುತ್ತೆ ಅನ್ನೋದಕ್ಕೆ ಅಟ್ಲಾಂಟಿಕ್ಕಿನ ಸೇಂಟ್ ಹೆಲೀನಾಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ, ನೆಪೋಲಿಯನ್ನನ್ನ ಕೊನೆಗೆ ಕಳಿಸಿದ್ದ ದ್ವೀಪ. 2017ರ ಅಕ್ಟೋಬರ್ ತನಕ ಅಲ್ಲಿಗೆ ಶೆಡ್ಯೂಲ್ಡ್ ಫ್ಲೈಟೇ ಇರಲಿಲ್ಲ, ಕೇಪ್‌ಟೌನಿಂದ ಹಡಗಲ್ಲಿ ಐದಾರು ದಿನ. ಏರ್‌ಪೋರ್ಟ್ ಕಟ್ಟಿ ಮುಗಿದ್ಮೇಲೂ ರನ್‌ವೇ ತುದಿಲಿ ಗಾಳಿ ದಿಢೀರ್ ಅಂತ ದಿಕ್ಕು ವೇಗ ಬದಲಾಯಿಸುತ್ತೆ ಅನ್ನೋ ತೊಂದರೆಗೆ ದೊಡ್ಡ ವಿಮಾನ ಬಿಡೋಕಾಗದೆ ಉದ್ಘಾಟನೆ ಮುಂದಕ್ಕೆ ಹೋಗಿತ್ತು. ಜೊಹಾನ್ಸ್‌ಬರ್ಗಿಂದ ಸುಮಾರು 3,700 ಕಿ.ಮೀ., ಹೋಗೋ ದಾರಿಲಿ ನಮೀಬಿಯಾದಲ್ಲಿ ಇಳಿದು ಇಂಧನ ತುಂಬಿಸ್ಕೋತಾರೆ, ಯಾಕೆ ಅಂದ್ರೆ ದ್ವೀಪದ ಹತ್ರ ಹೋಗಿ ಇಳಿಯೋಕಾಗ್ಲಿಲ್ಲ ಅಂದ್ರೆ ಸುತ್ತ ಎಲ್ಲೂ ಬೇರೆ ಏರ್‌ಪೋರ್ಟ್ ಇಲ್ಲ, ವಾಪಸ್ ಬರೋವಷ್ಟು ಟ್ಯಾಂಕಲ್ಲಿ ಇರಬೇಕು. ಸೇಂಟ್ ಹೆಲೀನಾದಿಂದ ಅಸೆನ್ಷನ್ ದ್ವೀಪಕ್ಕೆ 1,300 ಕಿ.ಮೀ., ಎರಡು ಗಂಟೆ ಹಾರಾಟ, ನಿಮ್ಮ ಸೂತ್ರಕ್ಕೂ ಪಕ್ಕಾ ಹೊಂದುತ್ತೆ. ಆದ್ರೆ ಆ ಫ್ಲೈಟ್ ನಡ್ಕೊಂಡು ಬಂದಿರೋದು ತಿಂಗಳಿಗೊಂದು ಅನ್ನೋ ಲೆಕ್ಕದಲ್ಲಿ. ಈ ತಿಂಗಳಿಂದು ತಪ್ಪಿದ್ರೆ ಮುಂದಿನ ತಿಂಗಳು. ಎರಡು ಗಂಟೆ ಅಂತ ದಪ್ಪ ಅಕ್ಷರದಲ್ಲಿ ಹಾಕಿ ತಿಂಗಳಿಗೊಂದು ಅನ್ನೋದನ್ನ ಬಿಟ್ರೆ ಓದೋನಿಗೆ ಏನು ಸಿಕ್ಕ ಹಾಗಾಯ್ತು, ನೀವೇ ಹೇಳಿ.

ರನ್‌ವೇ ಮುಟ್ಟಿದ್ರೆ ಮುಗೀತು ಅಂತನೂ ಅಲ್ಲ. ಪೆಸಿಫಿಕ್ಕಿನ ಬೋರಾ ಬೋರಾದ ಏರ್‌ಪೋರ್ಟ್ ಮುಖ್ಯ ದ್ವೀಪದಲ್ಲೇ ಇಲ್ಲ, ಪಕ್ಕದ ಮೋಟು ಮ್ಯೂಟ್ ಅನ್ನೋ ಚಿಕ್ಕ ತುಂಡು ನೆಲದ ಮೇಲಿದೆ, ಇಳಿದ್ಮೇಲೆ ದೋಣಿ ಹತ್ತಲೇಬೇಕು. ಮಾಲ್ಡೀವ್ಸ್‌ನಲ್ಲಿ ದೂರದ ರೆಸಾರ್ಟ್‌ಗಳಿಗೆ ಹೋಗೋ ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರೋದು, ಹಾಗಾಗಿ ಸಂಜೆ ಮೇಲೆ ಅಲ್ಲಿನ ಇಂಟರ್‌ನ್ಯಾಷನಲ್ ಏರ್‌ಪೋರ್ಟಲ್ಲಿ ಇಳಿದೋರು ಬೆಳಗಾಗೋ ತನಕ ಕಾಯಬೇಕು, ನಲವತ್ತು ನಿಮಿಷದ ಹಾರಾಟಕ್ಕೆ ಹನ್ನೆರಡು ಗಂಟೆ ಕಾಯೋದು. ಸ್ಕಾಟ್ಲೆಂಡಿನ ಬಾರಾ ದ್ವೀಪದಲ್ಲಂತೂ ವಿಮಾನ ಇಳಿಯೋದೇ ಸಮುದ್ರ ತೀರದ ಮರಳಿನ ಮೇಲೆ, ಉಬ್ಬರ ಬಂದ್ರೆ ರನ್‌ವೇ ನೀರೊಳಗೆ, ಅದಕ್ಕೆ ಟೈಮ್‌ಟೇಬಲ್ಲೇ ಉಬ್ಬರ ಇಳಿತ ನೋಡ್ಕೊಂಡು ಬದಲಾಗ್ತಾ ಇರುತ್ತೆ.

ಈಗ ನನ್ನ ಕೋರಿಕೆ. ಬಾಕ್ಸ್ ತೆಗೀರಿ ಅಂತ ಹೇಳ್ತಿಲ್ಲ, ದೂರ ತಿಳ್ಕೊಳ್ಳೋದು ಎಲ್ಲರಿಗೂ ಇಷ್ಟನೇ. ಆದ್ರೆ ದೂರದ ಪಕ್ಕ "ನೇರ ದೂರ" ಅಂತ ಹಾಕಿ, ಸಮಯನ ಸೂತ್ರದಿಂದ ತೆಗೀಬೇಡಿ, ನಿಜವಾಗ್ಲೂ ಓಡೋ ಫ್ಲೈಟಿನ ಟೈಮ್‌ಟೇಬಲ್ ನೋಡಿ ಹಾಕಿ, ನಾನ್‌ಸ್ಟಾಪ್ ಇಲ್ಲ ಅಂದ್ರೆ ಇಲ್ಲ ಅಂತ್ಲೇ ಬರೆದು ಎಲ್ಲಿ ಬದಲಾಯಿಸಬೇಕು ಅಂತ ಹೇಳಿ, ವಾರಕ್ಕೆ ಎಷ್ಟು ಸಲ ಅಂತ ಹಾಕಿ, ತಾರೀಖು ಬದಲಾಗೋ ಕಡೆ ಅದನ್ನೂ ಹಾಕಿ. ಜಾಗ ಸಾಲಲ್ಲ ಅಂತೀರಾ, ಫೋಟೋ ಒಂದಿಂಚು ಚಿಕ್ಕದು ಮಾಡಿ. ಎಲ್ಲಾ ವಿವರ ಹುಡುಕೋಕೆ ಟೈಮಿಲ್ಲ ಅಂದ್ರೆ ಸಮಯದ ಕಾಲಂ ಖಾಲಿ ಬಿಟ್ರೂ ನಡೆಯುತ್ತೆ, ಸೂತ್ರದಿಂದ ತುಂಬಿಸೋದಕ್ಕಿಂತ ಅದು ಎಷ್ಟೋ ವಾಸಿ.

ಮುಂದಿನ ಸಂಚಿಕೆಲಿ ಪೋರ್ಚುಗಲ್ಲಿನ ಅಜೋರ್ಸ್ ದ್ವೀಪಗಳ ಬಗ್ಗೆ ಬರುತ್ತೆ ಅಂತ ಕೆಳಗೆ ಹಾಕಿದೀರಿ, ಒಂಬತ್ತು ದ್ವೀಪ, ಒಂಬತ್ತರಲ್ಲೂ ಏರ್‌ಪೋರ್ಟ್ ಇದೆ. ಅದರಲ್ಲಿ ಕೊರ್ವೊ ಮತ್ತೆ ಫ್ಲೋರೆಸ್ ಮಧ್ಯೆ 24 ಕಿ.ಮೀ., ಸೂತ್ರ ಹಾಕಿದ್ರೆ 32 ನಿಮಿಷ ಬರುತ್ತೆ, ದಯವಿಟ್ಟು ಅದನ್ನ ಹಾಕಬೇಡಿ. ಕೊರ್ವೊ ರನ್‌ವೇ 800 ಮೀಟರ್, ಅಲ್ಲಿಗೆ ಹೋಗೋದು ಡ್ಯಾಶ್ 8 ಅನ್ನೋ ಸಣ್ಣ ಟರ್ಬೊಪ್ರಾಪ್, ಹಾರಾಟ ಕಾಲು ಗಂಟೆ, ಗಾಳಿ ಮಂಜು ಜಾಸ್ತಿ ಇದ್ರೆ ಕ್ಯಾನ್ಸಲ್, ಬೇಸಿಗೆಲಿ ದೋಣಿಲೂ ಹೋಗಬಹುದು. ಇಷ್ಟು ಬರೆದ್ರೆ ಸಾಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ